ನಾಲ್ಕು ಸ್ಟಾರ್: ದುಡ್ಡು ಎಣಿಸೋಕ್ ಮುಂಚೆ ತಾರೀಖು ಎಣಿಸಿದ ಆಡಿಟರ್ ಆಫೀಸು

ಹೆಸರು ಹಾಕ್ತಿಲ್ಲ, ಅದನ್ನ ಮೊದಲೇ ಹೇಳ್ಬಿಡ್ತೀನಿ. ರಿವ್ಯೂ ಬರೀತೀನಿ ಮೇಡಂ ಅಂದಾಗ ಅವರೇ ಬೇಡ ಅಂದ್ರು, ಚಾರ್ಟರ್ಡ್ ಅಕೌಂಟೆಂಟ್‌ಗಳು ವಕೀಲರು ತಮ್ಮ ಬಗ್ಗೆ ಜಾಹೀರಾತು ಮಾಡ್ಕೊಳ್ಳೋ ಹಾಗಿಲ್ಲ, ನೀವಾಗೇ ಬರೆದ್ರೂ ನಾವೇ ಬರೆಸಿದ್ವಿ ಅಂತಾರೆ ಜನ ಅಂತ. ಸರಿ, ಹೆಸರಿಲ್ದೆ ಬರೀತೀನಿ. ಬಸವನಗುಡಿ ಕಡೆ ಒಂದು ಮೊದಲ ಮಹಡಿ, ಒಬ್ಬರು ಆಡಿಟರ್ ಮೇಡಂ, ಅವರ ತಮ್ಮ ಟ್ಯಾಕ್ಸ್ ಕೇಸ್ ನಡೆಸೋ ವಕೀಲರು, ಮೂರು ಜನ ಹುಡುಗರು, ಗೋಡೆ ತುಂಬಾ ಫೈಲು, ಇಷ್ಟೇ ಆಫೀಸು. ನಮ್ಮಪ್ಪನ ಹೆಸರಿಗೆ ಬಂದಿದ್ದ 19 ಲಕ್ಷ ಚಿಲ್ಲರೆ ಇನ್ಕಮ್ ಟ್ಯಾಕ್ಸ್ ಡಿಮ್ಯಾಂಡು ರದ್ದಾಗಿದ್ದು ಇವರ ಕೈಯಿಂದ. ಎರಡು ವರ್ಷ ಹಿಡೀತು. ಇಂಥ ನೋಟಿಸ್ ಕೈಲಿ ಹಿಡ್ಕೊಂಡು ರಾತ್ರಿ ನಿದ್ದೆ ಬಿಟ್ಟು ಕೂತಿರೋರು ಎಷ್ಟೋ ಜನ ಇರ್ತಾರೆ, ಅವರಿಗೆ ಏನಾದ್ರೂ ಉಪಯೋಗ ಆಗ್ಲಿ ಅಂತ ಸ್ವಲ್ಪ ಉದ್ದಕ್ಕೇ ಬರೀತಿದೀನಿ.

ಅಪ್ಪ ರಿಟೈರ್ಡ್ ಪ್ರೈಮರಿ ಸ್ಕೂಲ್ ಮೇಷ್ಟ್ರು, ಹಾಸನದಲ್ಲಿರೋದು. 1992ರಲ್ಲಿ ಮೈಸೂರಲ್ಲಿ ಒಂದು ಸೈಟ್ ತಗೊಂಡಿದ್ರು, ಅದನ್ನ 2014ರ ಆಗಸ್ಟ್‌ನಲ್ಲಿ 38 ಲಕ್ಷಕ್ಕೆ ಮಾರಿ, ಆ ದುಡ್ಡಿಗೆ ಇನ್ನೊಂದು ಮೂರು ಲಕ್ಷ ಸೇರಿಸಿ ಹಾಸನದಲ್ಲಿ ಮನೆ ತಗೊಂಡ್ರು. ಸೈಟ್ ಮಾರಿದ ದುಡ್ಡೆಲ್ಲ ವಾಸದ ಮನೆಗೇ ಹಾಕಿದ್ರೆ ಸೆಕ್ಷನ್ 54ಎಫ್ ಪ್ರಕಾರ ಕ್ಯಾಪಿಟಲ್ ಗೇನ್ ಟ್ಯಾಕ್ಸ್, ಅಂದ್ರೆ ಆಸ್ತಿ ಮಾರಿದ ಲಾಭದ ಮೇಲಿನ ಟ್ಯಾಕ್ಸ್ ಇಲ್ಲ, ಅದು ಅಪ್ಪಂಗೂ ಗೊತ್ತಿತ್ತು. ಆಗ ಪೆನ್ಷನ್ ವರ್ಷಕ್ಕೆ ಎರಡೂವರೆ ಲಕ್ಷದ ಒಳಗೆ, ಹಿರಿಯ ನಾಗರಿಕರಿಗೆ 3 ಲಕ್ಷದವರೆಗೆ ಟ್ಯಾಕ್ಸ್ ಇರ್ಲಿಲ್ಲ, ಹಾಗಾಗಿ ರಿಟರ್ನ್ ಹಾಕ್ಲಿಲ್ಲ. ಮಾರಿದ್ದು ಬ್ಯಾಂಕ್ ಮೂಲಕ, ಕೊಂಡಿದ್ದು ಬ್ಯಾಂಕ್ ಮೂಲಕ, ಒಂದು ರೂಪಾಯಿ ಮುಚ್ಚಿಟ್ಟಿಲ್ಲ.

ಆದ್ರೆ 30 ಲಕ್ಷ ದಾಟಿದ ಆಸ್ತಿ ವ್ಯವಹಾರ ಎಲ್ಲಾ ಸಬ್ ರಿಜಿಸ್ಟ್ರಾರ್ ಆಫೀಸಿಂದ ಇನ್ಕಮ್ ಟ್ಯಾಕ್ಸ್‌ನವರಿಗೆ ಹೋಗುತ್ತೆ. ಅಲ್ಲಿ ನೋಡಿದ್ರೆ 38 ಲಕ್ಷದ ಮಾರಾಟ ಇದೆ, ಈ ಪ್ಯಾನ್ ನಂಬರಿಗೆ ರಿಟರ್ನ್ ಇಲ್ಲ. ನೋಟಿಸ್ ಬರೋದು ಸಹಜ, ಅದಕ್ಕೆ ನಾನು ಯಾರನ್ನೂ ಬೈಯಲ್ಲ. ಬೈಯೋದಾದ್ರೆ ಆಗ ಅಪ್ಪನ ಪ್ಯಾನ್ ಲಾಗಿನ್ ಮಾಡ್ಕೊಟ್ಟಿದ್ದ ಒಬ್ಬ ಟ್ಯಾಕ್ಸ್ ಕನ್ಸಲ್ಟೆಂಟನ್ನ ಬೈಬೇಕು. ಪೋರ್ಟಲಲ್ಲಿ ಅಪ್ಪನ ಪ್ರೊಫೈಲಿಗೆ ತನ್ನ ಇಮೇಲು, ತನ್ನ ಮೊಬೈಲ್ ನಂಬರ್ ಹಾಕಿಟ್ಟಿದ್ರು. 2021ರ ಜೂನಲ್ಲಿ ಮೊದಲ ನೋಟಿಸ್, 2022ರ ಮೇ ಕೊನೇಲಿ ಒಂದು ಪತ್ರ, ಜುಲೈನಲ್ಲಿ ಇನ್ನೊಂದು ಆರ್ಡರ್ ಮತ್ತೆ ನೋಟಿಸ್, ಆಮೇಲೆ ಉತ್ತರ ಕೊಡಿ ಅಂತ ಮೂರು ಜ್ಞಾಪನೆ, ಎಲ್ಲಾ ಆ ಇಮೇಲಿಗೆ ಹೋಗಿ ಕೂತಿತ್ತು. ಒಂದನ್ನೂ ನಮಗೆ ಹೇಳ್ಲಿಲ್ಲ. ಉತ್ತರ ಬರ್ದೇ ಇದ್ದಾಗ ಅಧಿಕಾರಿ ಇನ್ನೇನ್ ಮಾಡ್ತಾರೆ, 2023ರ ಮೇನಲ್ಲಿ ಪೂರ್ತಿ 38 ಲಕ್ಷವನ್ನೂ ಆದಾಯ ಅಂತ ಹಿಡಿದು ಆರ್ಡರ್ ಹಾಕಿದ್ರು. ನಮಗೆ ಗೊತ್ತಾಗಿದ್ದು ಆಗಸ್ಟಲ್ಲಿ, ಸ್ಪೀಡ್ ಪೋಸ್ಟಲ್ಲಿ ಬಾಕಿ ಕಟ್ಟಿ ಅಂತ ಪತ್ರ ಬಂದಾಗ.

ಆ ದಿನ ಅಪ್ಪ ಫೋನ್ ಮಾಡಿ ಬರೀ "ನೀನು ಈ ವಾರ ಬಾ" ಅಂದ್ರು. ಏನಾಯ್ತು ಅಂದ್ರೆ ಹೇಳ್ಲಿಲ್ಲ. ನಾನು ಹೋದಾಗ ಆ ಪತ್ರ ದೇವರ ಮನೇಲಿ, ಕುಂಕುಮದ ಭರಣಿ ಕೆಳಗೆ ಇಟ್ಟಿದ್ರು. ಟ್ಯಾಕ್ಸ್ ಹತ್ತತ್ರ 9 ಲಕ್ಷ 90 ಸಾವಿರ, ಅದಕ್ಕೆ ಬಡ್ಡಿ 9 ಲಕ್ಷ 30 ಸಾವಿರ. ಅಸಲಿನಷ್ಟೇ ಬಡ್ಡಿ. ರಿಟರ್ನ್ ಹಾಕ್ದೇ ಇದ್ದಿದ್ದಕ್ಕೆ ತಿಂಗಳಿಗೆ 1 ಪರ್ಸೆಂಟ್, ರಿಟರ್ನ್ ಹಾಕೋ ಕೊನೇ ತಾರೀಖಿಂದ ಆರ್ಡರ್ ಆಗೋ ತನಕ, ಅಂದ್ರೆ 94 ತಿಂಗಳು. ಪೆನಾಲ್ಟಿ ಯಾಕೆ ಹಾಕ್ಬಾರ್ದು ಅಂತ ಇನ್ನೊಂದು ನೋಟಿಸ್ ಬೇರೆ. ಅಪ್ಪ ಒಂದೇ ಮಾತು ಕೇಳಿದ್ದು, "ಮನೆ ಮಾರ್ಬೇಕಾಗುತ್ತಾ?"

ಆ ಹಳೇ ಕನ್ಸಲ್ಟೆಂಟ್ ಹತ್ರ ಹೋದ್ವಿ, ಮೇಲ್ ನೋಡಿರ್ಲಿಲ್ಲ ಸರ್, ಕಟ್ಟಿಬಿಡೋದು ಒಳ್ಳೇದು, ಇಲ್ಲ ಅಂದ್ರೆ ಬಡ್ಡಿ ಬೆಳೀತಾನೇ ಹೋಗುತ್ತೆ ಅಂದ್ರು. ನಮ್ ಆಫೀಸಿನ ಒಬ್ಬರು ಈ ಬಸವನಗುಡಿ ಮೇಡಂ ನಂಬರ್ ಕೊಟ್ರು.

ಮೇಡಂ ಕೇಳಿದ ಮೊದಲನೇ ಪ್ರಶ್ನೆ ನಾನು ಮರೆಯಲ್ಲ. ಎಷ್ಟು ಡಿಮ್ಯಾಂಡು ಅಂತ ಕೇಳ್ಲಿಲ್ಲ, ಸೈಟ್ ಎಷ್ಟಕ್ಕೆ ಮಾರಿದ್ರಿ ಅಂತ ಕೇಳ್ಲಿಲ್ಲ. "ಮೇಷ್ಟ್ರೇ, ಯಾವ್ ತಾರೀಖಿನ ನೋಟಿಸು? ಕವರ್ ಇದೆಯಾ?" ಅಂದ್ರು. ಅಪ್ಪ ಪುಣ್ಯಕ್ಕೆ ಕವರ್ ಇಟ್ಟಿದ್ರು. ಆಮೇಲೆ ಲಾಗಿನ್ ಸರಿ ಮಾಡಿಸಿ, ಇ-ಪ್ರೊಸೀಡಿಂಗ್ಸ್ ಅಂತ ಒಂದು ಟ್ಯಾಬ್ ಇದೆಯಲ್ಲ, ಅದರೊಳಗಿಂದ ಎಲ್ಲಾ ಕಾಗದ ಇಳಿಸಿ ಪ್ರಿಂಟ್ ತೆಗೆದು, ಪ್ರತಿಯೊಂದರಲ್ಲೂ ಮೇಲೆ ಬರೆದ ತಾರೀಖು ಒಂದ್ ಕಡೆ, ಡಿಜಿಟಲ್ ಸಹಿ ಆದ ತಾರೀಖು ಇನ್ನೊಂದ್ ಕಡೆ ಪೆನ್ಸಿಲಲ್ಲಿ ಗುರುತು ಹಾಕ್ಕೊಂಡ್ರು. ಎರಡೂ ಬೇರೆ ಬೇರೆ ಇರೋ ಕೇಸ್‌ಗಳು ಬೇಕಾದಷ್ಟಿವೆಯಂತೆ, ಕಾಗದದ ಮೇಲೆ ಮಾರ್ಚ್ 31, ಸಹಿ ಆಗಿ ಮೇಲ್ ಹೋಗಿದ್ದು ಏಪ್ರಿಲಲ್ಲಿ, ಆ ಒಂದು ದಿನದ ಮೇಲೇ ಕೇಸ್ ನಿಲ್ಲುತ್ತೆ ಬೀಳುತ್ತೆ ಅಂದ್ರು.

ಆಮೇಲೆ ಹಳೇ ಕ್ಯಾಲೆಂಡರ್ ಹಾಳೆ ಒಂದನ್ನ ತಿರುಗಿಸಿ ಅಡ್ಡ ಗೆರೆ ಎಳೆದ್ರು. ನನಗೆ ಈ ಆಫೀಸಿನ ಮೇಲೆ ನಂಬಿಕೆ ಬಂದಿದ್ದೇ ಆ ಗೆರೆ ನೋಡಿ. ಸೈಟ್ ಮಾರಿದ್ದು 2014-15ನೇ ಹಣಕಾಸು ವರ್ಷ, ಅದಕ್ಕೆ ಅಸೆಸ್‌ಮೆಂಟ್ ಇಯರ್, ಅಂದ್ರೆ ಆ ಆದಾಯದ ಲೆಕ್ಕ ನೋಡೋ ಮುಂದಿನ ವರ್ಷ, 2015-16, ಅದು ಮುಗಿಯೋದು 2016ರ ಮಾರ್ಚ್ 31ಕ್ಕೆ. ಎಣಿಕೆ ಶುರುವಾಗೋದು ಅಲ್ಲಿಂದ, ಮಾರಿದ ದಿನದಿಂದ ಅಲ್ಲ, ಈ ಒಂದು ವಿಷಯದಲ್ಲಿ ನಾವೂ ತಪ್ಪು ತಿಳ್ಕೊಂಡಿದ್ವಿ. ಹಳೇ ಕಾನೂನಲ್ಲಿ ಮುಗಿದ ವರ್ಷದ ಫೈಲ್ ಮತ್ತೆ ತೆಗೆಯೋಕೆ ಸಾಮಾನ್ಯವಾಗಿ 4 ವರ್ಷ, ತಪ್ಪಿಹೋದ ಆದಾಯ 1 ಲಕ್ಷ ಅಥವಾ ಜಾಸ್ತಿ ಇದ್ರೆ 6 ವರ್ಷ, ವಿದೇಶದ ಆಸ್ತಿ ಆದ್ರೆ 16. ಗೆರೆ ಮೇಲೆ 2020ರ ಮಾರ್ಚ್ 31ಕ್ಕೆ ಒಂದು ಚುಕ್ಕಿ, 2022ರ ಮಾರ್ಚ್ 31ಕ್ಕೆ ಇನ್ನೊಂದು. 2021ರ ಏಪ್ರಿಲ್ 1ರಿಂದ ಬಂದ ಹೊಸ ಕಾನೂನಲ್ಲಿ ಸಾಮಾನ್ಯವಾಗಿ 3 ವರ್ಷ, 50 ಲಕ್ಷ ಅಥವಾ ಜಾಸ್ತಿ ಇದ್ರೆ ಮಾತ್ರ 10 ವರ್ಷ. ಅಪ್ಪಂದು 38 ಲಕ್ಷ. 3 ವರ್ಷ ಅಂದ್ರೆ 2019ರ ಮಾರ್ಚ್‌ಗೇ ಮುಗೀತು. ಆರ್ಡರ್ ನಿಂತಿರೋ ನೋಟಿಸ್ ಬಂದಿದ್ದು 2022ರ ಜುಲೈ. ಅದನ್ನ ಗೆರೆ ಮುಗಿದ ಮೇಲೆ ಕಾಗದದ ತುದೀಲಿ ಬರೆದು ಸುತ್ತ ಒಂದು ಸೊನ್ನೆ ಸುತ್ತಿದ್ರು. "ಮೇಷ್ಟ್ರೇ, ಹಳೇ ಲೆಕ್ಕದಲ್ಲೂ ಆಚೆ, ಹೊಸ ಲೆಕ್ಕದಲ್ಲೂ ಆಚೆ. ಆದ್ರೆ ಮಧ್ಯ ಒಂದು ತೊಡಕಿದೆ."

ಆ ತೊಡಕು ಅಂದ್ರೆ ಕೋವಿಡ್ ಕಾಲದ ಸಡಿಲಿಕೆ ಕಾಯ್ದೆ, 2020ರದ್ದು, ಟೋಲಾ ಅಂತ ಕರೀತಾರೆ. 2020ರ ಮಾರ್ಚ್ 20ರಿಂದ 2021ರ ಮಾರ್ಚ್ 31ರ ಒಳಗೆ ಮುಗೀಬೇಕಾಗಿದ್ದ ಗಡುವುಗಳನ್ನ ಮುಂದಕ್ಕೆ ಹಾಕ್ತಾ ಹಾಕ್ತಾ 2021ರ ಜೂನ್ 30ಕ್ಕೆ ತಂದ್ರು. ಅಷ್ಟರಲ್ಲಿ ಏಪ್ರಿಲ್ 1ಕ್ಕೆ ಹೊಸ ಕಾನೂನು ಬಂದಾಗಿತ್ತು. ಆದ್ರೂ ಆ ಮೂರು ತಿಂಗಳಲ್ಲಿ ದೇಶದಾದ್ಯಂತ ಸುಮಾರು 90,000 ನೋಟಿಸ್ ಹಳೇ ಕಾನೂನಿನ ಪ್ರಕಾರವೇ ಹೋದವು, ಅದರಲ್ಲಿ ನಮ್ಮಪ್ಪಂದೂ ಒಂದು. 9,000ಕ್ಕೂ ಜಾಸ್ತಿ ರಿಟ್ ಅರ್ಜಿ ಬೇರೆ ಬೇರೆ ಹೈಕೋರ್ಟಿಗೆ ಬಿದ್ದವು, ಸತ್ತ ಕಾನೂನಲ್ಲಿ ನೋಟಿಸ್ ಕೊಡೋದು ಹೇಗೆ ಅಂತ ಹಲವು ಹೈಕೋರ್ಟ್‌ಗಳು ರದ್ದು ಮಾಡಿದ್ವು. 2022ರ ಮೇ 4ಕ್ಕೆ ಸುಪ್ರೀಂ ಕೋರ್ಟು ಆಶಿಶ್ ಅಗರ್ವಾಲ್ ಕೇಸಲ್ಲಿ, ಸಂವಿಧಾನದ 142ನೇ ವಿಧಿ ಬಳಸಿ, ಆ ನೋಟಿಸ್‌ಗಳನ್ನೆಲ್ಲ ಪೂರ್ತಿ ರದ್ದು ಮಾಡೋ ಬದಲು ಹೊಸ ಕಾನೂನಿನ ಶೋಕಾಸ್ ನೋಟಿಸ್, ಅಂದ್ರೆ ಯಾಕೆ ಫೈಲ್ ತೆಗೀಬಾರ್ದು ಹೇಳಿ ಅಂತ ಕೇಳೋ ನೋಟಿಸ್ ಅಂತ ತಿಳ್ಕೊಳ್ಳಿ, 30 ದಿನದಲ್ಲಿ ಮಾಹಿತಿ ಕೊಡಿ, ಅವರಿಗೆ ಉತ್ತರಕ್ಕೆ ಎರಡು ವಾರ ಕೊಡಿ ಅಂತು. ಅಪ್ಪಂಗೆ ಆ ಮೇ ಕೊನೇಲಿ ಬಂದ ಪತ್ರ ಇದೇ. ಆ ಎರಡು ವಾರ ಬೇರೆಯೋರ ಇನ್‌ಬಾಕ್ಸಲ್ಲಿ ಕಳೆದುಹೋಯ್ತು ಅನ್ನೋದು ನೆನೆಸ್ಕೊಂಡ್ರೆ ಈಗಲೂ ಹೊಟ್ಟೆ ಉರಿಯುತ್ತೆ.

ಮೇಡಂ ಅಪೀಲ್ ಬರೆಯೋವಾಗ ಸಮಯ ಮೀರಿದೆ ಅನ್ನೋದನ್ನ ಮೊದಲನೇ ಕಾರಣ ಮಾಡಿದ್ರು, 54ಎಫ್ ಅನ್ನೋದು ಎರಡನೇದು. ನಾನು ಕೇಳ್ದೆ, ಮನೆಗೆ ಹಾಕಿದ ದುಡ್ಡಿಗೆ ಪಕ್ಕಾ ದಾಖಲೆ ಇದೆಯಲ್ಲ ಮೇಡಂ, ಅದನ್ನೇ ಮೊದಲು ಹಾಕ್ಬಹುದಲ್ಲ ಅಂತ. ಅವರು ಹೇಳಿದ್ದು, ನೋಟಿಸೇ ನಿಲ್ಲಲ್ಲ ಅಂದ್ಮೇಲೆ ಒಳಗಡೆ ಲೆಕ್ಕ ತೆಗೆಯೋ ಅಧಿಕಾರವೇ ಇರಲ್ಲ, ಅದು ಬಾಗಿಲು, ಉಳಿದಿದ್ದು ಮನೆ ಒಳಗಿಂದು. ಹಾಗಂತ ಒಳಗಿಂದನ್ನ ಬಿಡೋ ಹಾಗಿಲ್ಲ, ಬಾಗಿಲಲ್ಲಿ ಸೋತ್ರೆ ಕ್ರಯಪತ್ರ, ಬ್ಯಾಂಕ್ ಸ್ಟೇಟ್‌ಮೆಂಟು ಎಲ್ಲಾ ಕೈಲಿರ್ಬೇಕು. ಅಪ್ಪನ ಕಬ್ಬಿಣದ ಟ್ರಂಕಲ್ಲಿ 1992ರ ರಶೀದಿ ಸಮೇತ ಎಲ್ಲಾ ಇತ್ತು, ಆ ಆಫೀಸಿನ ಹುಡುಗನೇ ಆಶ್ಚರ್ಯಪಟ್ಟ.

ಇಲ್ಲಿ ಇನ್ನೊಂದು ಚಿಕ್ಕ ವಿಷಯ ಹೇಳ್ಬೇಕು, ನನಗೆ ತುಂಬಾ ಹಿಡಿಸ್ತು. ಆರ್ಡರಲ್ಲಿ ಅಪ್ಪ ರಿಟರ್ನ್ ಹಾಕ್ಬೇಕಿತ್ತು, ಹಾಕಿಲ್ಲ ಅಂತ ಬರೆದಿತ್ತು. 54ಎಫ್ ವಿನಾಯಿತಿ ಕಳೆಯೋಕೆ ಮುಂಚಿನ ಆದಾಯ ಮಿತಿ ದಾಟಿದ್ರೆ ರಿಟರ್ನ್ ಕಡ್ಡಾಯ ಅನ್ನೋ ನಿಯಮ ಇದೆ ನಿಜ, ಆದ್ರೆ ಅದು ಬಂದಿದ್ದು 2019ರ ಫೈನಾನ್ಸ್ (ನಂ. 2) ಆಕ್ಟಲ್ಲಿ, ಅನ್ವಯ ಆಗಿದ್ದು 2020-21ನೇ ಅಸೆಸ್‌ಮೆಂಟ್ ಇಯರಿಂದ. 2015-16ಕ್ಕೆ ಆ ನಿಯಮವೇ ಇರ್ಲಿಲ್ಲ. ಮೇಡಂ ಇದನ್ನ ಹಳೇ ಕಾಯ್ದೆ ಪುಸ್ತಕ ತೆಗೆದು, ಆ ವರ್ಷದ ಮುದ್ರಣವನ್ನೇ ತೆಗೆದು, ಪುಟ ತೋರಿಸಿ ಹೇಳಿದ್ರು. ಇಂಟರ್ನೆಟ್ಟಲ್ಲಿ ಹುಡುಕಿದ್ರೆ ಸಾಮಾನ್ಯವಾಗಿ ಇವತ್ತಿನ ಸೆಕ್ಷನ್ ಸಿಗೋದು, ಆ ವರ್ಷ ಏನಿತ್ತು ಅನ್ನೋದಕ್ಕೆ ಆ ವರ್ಷದ ಪುಸ್ತಕವೇ ಬೇಕು, ಅದಕ್ಕೇ ಇವರ ಗೋಡೆ ತುಂಬಾ ವರ್ಷವಾರು ಪುಸ್ತಕ ಜೋಡಿಸಿಟ್ಟಿರೋದು.

ಅವತ್ತು ಅಪ್ಪ ಮೇಡಂ ಅವರ ವಕೀಲ ತಮ್ಮನ್ನ ಒಂದು ಪ್ರಶ್ನೆ ಕೇಳಿದ್ರು. "ಸ್ವಾಮಿ, ನಾಳೆ ಸರ್ಕಾರ ಕಾನೂನು ತಿದ್ದಿ ಈ ಗಡುವು 2015ರಿಂದಲೇ ಹತ್ತು ವರ್ಷ ಅಂತ ಮಾಡಿದ್ರೆ?" ಅವರು ಫೈಲ್ ಮುಚ್ಚಿ, ಕಾಫಿ ತರಿಸಿ, ಒಂದು ಗಂಟೆ ಕೂತು ಹೇಳಿದ್ರು. ಅದಕ್ಕೆ ಫೀಸ್ ಹಾಕ್ಲಿಲ್ಲ.

ಅವರು ಹೇಳಿದ ಮೊದಲ ಮಾತು ಕೇಳಿ ನಮಗೆ ಬೇಜಾರೇ ಆಯ್ತು. ಹಿಂದಿನ ತಾರೀಖಿಂದ ಜಾರಿ ಆಗೋ ಟ್ಯಾಕ್ಸ್ ಕಾನೂನು ಮಾಡೋಕೆ ಸಂಸತ್ತಿಗೂ ವಿಧಾನಸಭೆಗೂ ಅಧಿಕಾರ ಇದೆ. ಸಂವಿಧಾನದ 20ನೇ ವಿಧಿ ಹಿಂದಿನ ಕೃತ್ಯಕ್ಕೆ ಹೊಸ ಕಾನೂನಲ್ಲಿ ಶಿಕ್ಷೆ ಕೊಡೋ ಹಾಗಿಲ್ಲ ಅನ್ನುತ್ತೆ, ಆದ್ರೆ ಅದು ಅಪರಾಧಕ್ಕೆ ಮಾತ್ರ, ಟ್ಯಾಕ್ಸಿಗಲ್ಲ. ವೊಡಾಫೋನ್ ಕೇಸ್ ಎಲ್ಲರಿಗೂ ಗೊತ್ತಿರೋದೇ. 2007ರಲ್ಲಿ ಇಲ್ಲಿನ ಮೊಬೈಲ್ ಕಂಪನೀಲಿದ್ದ ಹಚಿಸನ್ ಪಾಲನ್ನ ಕೇಮನ್ ದ್ವೀಪದ ಕಂಪನಿ ಮೂಲಕ ಸುಮಾರು 1,100 ಕೋಟಿ ಡಾಲರಿಗೆ ಕೊಂಡ್ರು, ಇಲ್ಲಿ 11 ಸಾವಿರ ಕೋಟಿ ರೂಪಾಯಿಗೂ ಮೇಲೆ ಟ್ಯಾಕ್ಸ್ ಕೇಳಿದ್ರು, 2012ರ ಜನವರಿ 20ಕ್ಕೆ ಸುಪ್ರೀಂ ಕೋರ್ಟು ಟ್ಯಾಕ್ಸ್ ಬರಲ್ಲ ಅಂತು. ಎರಡೇ ತಿಂಗಳಿಗೆ ಪ್ರಣಬ್ ಮುಖರ್ಜಿ ಬಜೆಟ್ಟಲ್ಲಿ ಸೆಕ್ಷನ್ 9ಕ್ಕೆ ತಿದ್ದುಪಡಿ ಬಂತು, ಇಂಥ ವ್ಯವಹಾರಕ್ಕೂ ಟ್ಯಾಕ್ಸ್ ಇದೆ, 1962ರ ಏಪ್ರಿಲ್ 1ರಿಂದಲೇ ಹೀಗೇ ಇತ್ತು ಅಂತ. 1962ರ ಏಪ್ರಿಲ್ 1 ಅಂದ್ರೆ ಆ ಇನ್ಕಮ್ ಟ್ಯಾಕ್ಸ್ ಕಾಯ್ದೆ ಜಾರಿಗೆ ಬಂದ ದಿನ! ಐವತ್ತು ವರ್ಷ ಹಿಂದಕ್ಕೆ. ಅಪ್ಪ ಅದನ್ನ ಕೇಳಿ ಕಾಫಿ ಲೋಟ ಕೆಳಗಿಟ್ಟುಬಿಟ್ರು.

ಆಮೇಲೆ 2020ರಲ್ಲಿ ಹೇಗ್‌ನ ಮಧ್ಯಸ್ಥಿಕೆಯಲ್ಲಿ ವೊಡಾಫೋನ್ ಸೆಪ್ಟೆಂಬರಲ್ಲಿ, ಇಂಥದ್ದೇ ಡಿಮ್ಯಾಂಡು ಬಂದಿದ್ದ ಕೇರ್ನ್ ಕಂಪನಿ ಡಿಸೆಂಬರಲ್ಲಿ ಗೆದ್ದವು, 2021ರ ಆಗಸ್ಟಲ್ಲಿ ಸರ್ಕಾರವೇ ಕಾನೂನು ತಂದು 2012ರ ಮೇ 28ಕ್ಕಿಂತ ಹಿಂದಿನ ವ್ಯವಹಾರಗಳ ಮೇಲಿನ ಆ ಡಿಮ್ಯಾಂಡು ಕೈಬಿಡ್ತು, ಕಟ್ಟಿಸ್ಕೊಂಡಿದ್ದನ್ನ ವಾಪಸ್ ಕೊಡ್ತು, ಆದ್ರೆ ಬಡ್ಡಿ ಇಲ್ದೆ, ಕೇಸೆಲ್ಲ ವಾಪಸ್ ತಗೊಂಡ್ರೆ ಅನ್ನೋ ಷರತ್ತಿನ ಮೇಲೆ. ಅವು ದೊಡ್ಡ ಕಂಪನಿಗಳು, ಹೇಗ್ ತನಕ ಹೋದ್ರು. ಹಾಸನದ ಮೇಷ್ಟ್ರು ಎಲ್ಲಿಗೆ ಹೋಗ್ತಾರೆ ಅನ್ನೋದೇ ನನ್ನ ಪ್ರಶ್ನೆ ಆಗಿತ್ತು.

ಅದಕ್ಕೆ ಅವರು ನಮ್ಮ ರಾಜ್ಯದ್ದೇ ಒಂದು ಹಳೇ ಕೇಸ್ ಹೇಳಿದ್ರು, ಇದನ್ನ ನಾನು ಎಲ್ಲೂ ಕೇಳಿರ್ಲಿಲ್ಲ. ಮೈಸೂರು ರಾಜ್ಯ ಅಂತ ಹೆಸರಿದ್ದ ಕಾಲದ್ದು, ಡಿ. ಕಾವಸ್ಜಿ ಕಂಪನಿ ಕೇಸು. ಸಾರಾಯಿ ಮೇಲಿನ ಮಾರಾಟ ತೆರಿಗೇಲಿ ಸರ್ಕಾರ ಜಾಸ್ತಿ ವಸೂಲಿ ಮಾಡಿದೆ ಅಂತ ಹೈಕೋರ್ಟಲ್ಲಿ ತೀರ್ಮಾನ ಆಯ್ತು, ವಾಪಸ್ ಕೊಡ್ಬೇಕಾಗಿ ಬಂತು. ವಾಪಸ್ ಕೊಡೋ ಬದಲು ತೆರಿಗೆ ದರವನ್ನೇ ಆರೂವರೆ ಪರ್ಸೆಂಟಿಂದ 45 ಪರ್ಸೆಂಟಿಗೆ ಏರಿಸಿ, ಅದೂ ಹಿಂದಿನ ತಾರೀಖಿಂದ ಅಂತ ಕಾನೂನು ಮಾಡಿದ್ರು. 1984ರಲ್ಲಿ ಸುಪ್ರೀಂ ಕೋರ್ಟು ಆ ಹಿಂದಿನ ತಾರೀಖಿನ ಭಾಗ ಹೊಡೆದುಹಾಕ್ತು. ಕಾನೂನಲ್ಲಿದ್ದ ದೋಷ ಸರಿ ಮಾಡೋದು ಬೇರೆ, ಕೋರ್ಟು ಕೊಡು ಅಂದ ದುಡ್ಡನ್ನ ಕೊಡ್ದೇ ಇರೋಕೆ ದರ ಏರಿಸೋದು ಬೇರೆ. ಹಿಂದಿನ ತಾರೀಖಿನ ಟ್ಯಾಕ್ಸನ್ನ ಪ್ರಶ್ನೆ ಮಾಡೋರು ಹಿಡ್ಕೋಬೇಕಾಗಿರೋದು ಈ ವ್ಯತ್ಯಾಸವನ್ನೇ ಅಂದ್ರು. 1969ರ ಪೃಥ್ವಿ ಕಾಟನ್ ಮಿಲ್ಸ್ ಕೇಸಲ್ಲೂ ಅದೇ, ತೀರ್ಪು ಯಾವ ದೋಷದ ಮೇಲೆ ನಿಂತಿದೆಯೋ ಆ ದೋಷ ತೆಗೆದು ಹೊಸ ಕಾನೂನು ಮಾಡ್ಬಹುದು, ತೀರ್ಪು ನಮಗೆ ಅನ್ವಯಿಸಲ್ಲ ಅಂತ ಬರೀ ಘೋಷಣೆ ಮಾಡೋಕಾಗಲ್ಲ. 2014ರಲ್ಲಿ ವಾಟಿಕಾ ಟೌನ್‌ಶಿಪ್ ಕೇಸಲ್ಲಿ ಐದು ಜಡ್ಜ್‌ಗಳ ಪೀಠ ಹೇಳಿದ್ದು ಇನ್ನೂ ಉಪಯೋಗದ್ದು, ಕಾಯ್ದೇಲಿ ಹಿಂದಿನ ತಾರೀಖಿಂದ ಅಂತ ಸ್ಪಷ್ಟವಾಗಿ ಇಲ್ದೇ ಇದ್ರೆ, ಜನರ ಮೇಲೆ ಹೊರೆ ಹಾಕೋ ತಿದ್ದುಪಡಿ ಮುಂದಕ್ಕೆ ಮಾತ್ರ ಅಂತ ಓದ್ಬೇಕು.

ಇನ್ನು ಅಪ್ಪ ಕೇಳಿದ ಪ್ರಶ್ನೆಗೆ, ಅಂದ್ರೆ ಗಡುವು ಹಿಗ್ಗಿಸೋದರ ಬಗ್ಗೆ, ಉತ್ತರ ಇನ್ನೂ ಹಳೇದು. 1964ರಲ್ಲಿ ಗಾಡ್ಗೀಳ್ ಕೇಸು, 2002ರಲ್ಲಿ ಕೆ.ಎಂ. ಶರ್ಮ ಕೇಸು. ಗಡುವು ಇನ್ನೂ ಜೀವಂತ ಇರೋವಾಗ ಕಾನೂನು ತಿದ್ದಿ ಹಿಗ್ಗಿಸಿದ್ರೆ ಹಿಗ್ಗುತ್ತೆ, ಒಂದ್ಸಲ ಮುಗಿದುಹೋದ್ಮೇಲೆ ಆಮೇಲಿನ ತಿದ್ದುಪಡಿ ಅದನ್ನ ತಾನಾಗೇ ಎಬ್ಬಿಸಲ್ಲ, ಎಬ್ಬಿಸ್ಬೇಕು ಅಂದ್ರೆ ಕಾನೂನು ಹಾಗಂತ ಬಿಡಿಸಿ ಹೇಳ್ಬೇಕು. 2021ರ ಹೊಸ ಕಾನೂನಲ್ಲೇ ಇದಕ್ಕೊಂದು ಷರತ್ತು ಹಾಕಿದಾರೆ, ಹಳೇ ವರ್ಷಗಳಿಗೆ ಹಳೇ ಗಡುವು ಮುಗಿದಿದ್ರೆ ಹತ್ತು ವರ್ಷದ ಹೊಸ ಗಡುವು ಹಿಡ್ಕೊಂಡು ನೋಟಿಸ್ ಕೊಡೋ ಹಾಗಿಲ್ಲ ಅಂತ. ಅಪ್ಪ ಇದನ್ನ ತಮ್ಮ ಡೈರೀಲಿ ಬರ್ಕೊಂಡ್ರು, ಕೇಸ್ ಹೆಸರು ವರ್ಷ ಸಮೇತ. ವಾಪಸ್ ಬರೋವಾಗ ಬಸ್ಸಲ್ಲಿ ಕುಣಿಗಲ್ ದಾಟೋ ತನಕ ಅದನ್ನೇ ಓದ್ತಾ ಇದ್ರು. ಅವತ್ತಿಂದ ಮನೆ ಮಾರೋ ಮಾತು ಎತ್ತಲಿಲ್ಲ.

ಈಗ ಕೆಲಸ ಹೇಗೆ ನಡೀತು ಅನ್ನೋದು. ಹೈಕೋರ್ಟಲ್ಲಿ ರಿಟ್ ಹಾಕೋಣವಾ ಅಂತ ನಾನು ಕೇಳಿದ್ದೆ, ಬೇಗ ಮುಗಿಯುತ್ತೇನೋ ಅಂತ. ಅವರು ಬೇಡ ಅಂದ್ರು, ಖರ್ಚು ನಾಲ್ಕು ಪಟ್ಟು, ಅಪೀಲ್ ದಾರಿ ಇರೋವಾಗ ಇಲ್ಲಿಗ್ಯಾಕ್ ಬಂದ್ರಿ ಅಂತ ವಾಪಸ್ ಕಳಿಸಿದ್ರೂ ಕಳಿಸ್ಬಹುದು. ತಮಗೆ ಜಾಸ್ತಿ ಫೀಸ್ ಬರೋ ದಾರಿ ಬಿಟ್ಟು ಕಮ್ಮಿ ದಾರಿ ತೋರಿಸಿದ್ರು, ಒಂದು ಸ್ಟಾರ್ ಅದಕ್ಕೇ. ಅಪೀಲಿಗೆ ಸರ್ಕಾರಿ ಶುಲ್ಕ 1,000 ರೂಪಾಯಿ. 30 ದಿನದ ಗಡುವು ನಮಗೂ ದಾಟಿಹೋಗಿತ್ತು, ತಡ ಆಗಿದ್ದು ಯಾಕೆ ಅಂತ ಅಪ್ಪನ ಅಫಿಡವಿಟ್, ಬೇರೆಯೋರ ಇಮೇಲ್ ಇದ್ದ ಪ್ರೊಫೈಲಿನ ಪ್ರಿಂಟು, ಸ್ಪೀಡ್ ಪೋಸ್ಟ್ ಕವರಿನ ಫೋಟೋ, ಎಲ್ಲಾ ಲಗತ್ತಿಸಿ ಮನ್ನಾ ಕೇಳಿದ್ರು. ಕವರ್ ಕೇಳಿದ್ದು ಯಾಕೆ ಅಂತ ನನಗೆ ಆಗ ಅರ್ಥ ಆಯ್ತು.

ವಸೂಲಿಗೆ ತಡೆ ಸಿಗ್ಬೇಕು ಅಂದ್ರೆ ಸಾಮಾನ್ಯವಾಗಿ 20 ಪರ್ಸೆಂಟ್ ಕಟ್ಟಿ ಅಂತಾರೆ. ಅದು ಕಾಯ್ದೇಲಿ ಇರೋದಲ್ಲ, ನೇರ ತೆರಿಗೆ ಮಂಡಳಿಯ ಸೂಚನೆ, ಕಮ್ಮಿ ಮಾಡಿ ಅಂತ ಕೇಳೋಕೆ ಅವಕಾಶ ಇದೆ. ಇಲ್ಲಿ ಈ ಆಫೀಸಿನ ಮೇಲೆ ನನಗೆ ಬೇಜಾರಿದೆ. ರಿಟರ್ನ್ ಸೀಸನ್ ಅಂತ ನಮ್ಮ ತಡೆ ಅರ್ಜಿ ಮೂರು ವಾರ ಅವರ ಟೇಬಲ್ ಮೇಲೇ ಇತ್ತು, ಅಷ್ಟರಲ್ಲಿ ಬ್ಯಾಂಕ್ ಅಕೌಂಟ್ ಜಪ್ತಿ ಆಗುತ್ತೇನೋ ಅಂತ ಹೆದರಿ ಅಪ್ಪ ಎಫ್‌ಡಿ ಮುರಿಸಿ 3 ಲಕ್ಷ 84 ಸಾವಿರ ಕಟ್ಟಿಬಿಟ್ರು. ಮೇಡಂ ಆಮೇಲೆ ತಪ್ಪು ನಮ್ಮದೇ ಮೇಷ್ಟ್ರೇ ಅಂತ ಬಾಯ್ತುಂಬ ಹೇಳಿದ್ರು, ಆದ್ರೂ ಎಪ್ಪತ್ತೈದು ದಾಟಿದೋರಿಗೆ ಆ ದುಡ್ಡು ಆಸ್ಪತ್ರೆ ಖರ್ಚಿಗೆ ಅಂತ ಇಟ್ಟಿದ್ದು. ಐದನೇ ಸ್ಟಾರ್ ಹೋಗಿದ್ದು ಇಲ್ಲಿ.

ಅಪೀಲ್ ವಿಚಾರಣೆ ಎಲ್ಲಾ ಆನ್‌ಲೈನು, ಎದುರಿಗೆ ಯಾರೂ ಇರಲ್ಲ, ಒಂದು ವರ್ಷ ಏನೂ ಸುದ್ದಿ ಇಲ್ಲ. 2024ರ ಅಕ್ಟೋಬರ್ 3ಕ್ಕೆ ಸುಪ್ರೀಂ ಕೋರ್ಟಲ್ಲಿ ರಾಜೀವ್ ಬನ್ಸಲ್ ಕೇಸಿನ ತೀರ್ಪು ಬಂತು, ಮುಖ್ಯ ನ್ಯಾಯಮೂರ್ತಿ ಚಂದ್ರಚೂಡ್ ಇದ್ದ ಪೀಠ. ಆ ತೀರ್ಪು ಒಟ್ಟಾರೆ ಇಲಾಖೆ ಪರವಾಗೇ ಬಂತು, ಟೋಲಾ ಸಡಿಲಿಕೆ ಹೊಸ ಕಾನೂನಿಗೂ ಅನ್ವಯಿಸುತ್ತೆ ಅಂತ. ಪೇಪರಲ್ಲಿ ಅದನ್ನ ಓದಿ ನನಗೆ ಎದೆ ಒಡೆದಂಗಾಯ್ತು. ಆದ್ರೆ ಅದೇ ಸಂಜೆ ಮೇಡಂ ಫೋನ್ ಮಾಡಿದ್ರು. ತೀರ್ಪಿನ ಒಳಗೆ ಇಲಾಖೆಯೇ ಒಪ್ಕೊಂಡಿರೋ ಒಂದು ಮಾತಿದೆ, 2015-16ನೇ ಅಸೆಸ್‌ಮೆಂಟ್ ಇಯರಿಗೆ 2021ರ ಏಪ್ರಿಲ್ 1 ಆದ್ಮೇಲೆ ಕೊಟ್ಟ ನೋಟಿಸ್ ಎಲ್ಲಾ ಕೈಬಿಡ್ಬೇಕಾಗುತ್ತೆ ಅಂತ, ಯಾಕಂದ್ರೆ ಆ ವರ್ಷದ ಆರು ವರ್ಷದ ಗಡುವು ಮುಗಿಯೋದು 2022ರ ಮಾರ್ಚಲ್ಲಿ, ಟೋಲಾ ಹಿಗ್ಗಿಸಿದ ಅವಧಿ ಒಳಗೆ ಅದು ಬರೋದೇ ಇಲ್ಲ. ಅಷ್ಟುದ್ದದ ತೀರ್ಪಲ್ಲಿ ನಮಗೆ ಬೇಕಾದ ಒಂದು ಸಾಲು. ನಾಲ್ಕು ದಿನಕ್ಕೆ ಹೆಚ್ಚುವರಿ ವಿವರಣೆ ಹಾಕಿದ್ರು, ಆ ಕ್ಯಾಲೆಂಡರ್ ಗೆರೆಯನ್ನೇ ನೀಟಾಗಿ ಟೈಪ್ ಮಾಡಿಸಿ ಜೊತೆಗಿಟ್ಟಿದ್ರು. 2025ರ ಫೆಬ್ರವರೀಲಿ ಆರ್ಡರ್ ಬಂತು, ನೋಟಿಸ್ ಅವಧಿ ಮೀರಿದ್ದು, ಅಸೆಸ್‌ಮೆಂಟ್ ರದ್ದು.

ಅಪ್ಪಂಗೆ ಮತ್ತೆ ಭಯ, ಅವರು ಮೇಲಿನ ಅಪೀಲಿಗೆ ಹೋದ್ರೆ? ಟ್ರಿಬ್ಯುನಲ್‌ಗೆ ಇಲಾಖೆ ಹೋಗ್ಬೇಕು ಅಂದ್ರೆ ಟ್ಯಾಕ್ಸ್ ಮೊತ್ತ 60 ಲಕ್ಷ ದಾಟ್ಬೇಕು ಅಂತ 2024ರ ಸೆಪ್ಟೆಂಬರಲ್ಲಿ ಮಿತಿ ಏರಿಸಿದಾರೆ, ನಿಮ್ಮದು 10 ಲಕ್ಷ, ಮೇಷ್ಟ್ರೇ ಆರಾಮಾಗಿರಿ ಅಂದ್ರು ಮೇಡಂ.

ರಿಫಂಡಿಗೆ ಇನ್ನೂ ನಾಲ್ಕು ತಿಂಗಳು ಪತ್ರದ ಮೇಲೆ ಪತ್ರ. ಜೂನಲ್ಲಿ ಬಂತು, ಕಟ್ಟಿದ್ದ 3 ಲಕ್ಷ 84 ಸಾವಿರ, ಬಡ್ಡಿ 38 ಸಾವಿರ ಚಿಲ್ಲರೆ. ಇದು ಹೇಳ್ದೆ ಇರೋಕಾಗಲ್ಲ, ನಾವು ಬಾಕಿ ಇಟ್ರೆ ತಿಂಗಳಿಗೆ 1 ಪರ್ಸೆಂಟ್, ನಮ್ಮ ದುಡ್ಡು ಅವರ ಹತ್ರ ಇದ್ರೆ ತಿಂಗಳಿಗೆ ಅರ್ಧ ಪರ್ಸೆಂಟ್. ಇದು ನ್ಯಾಯ ಅಲ್ಲ, ಬದಲಾಗ್ಬೇಕು.

ಫೀಸ್ ಒಟ್ಟು 40 ಸಾವಿರ, ಎರಡು ಕಂತು. ಮೇಲೆ 18 ಪರ್ಸೆಂಟ್ ಜಿಎಸ್‌ಟಿ, ಅದನ್ನ ಮೊದಲೇ ಹೇಳಿರ್ಲಿಲ್ಲ, ಹೇಳ್ಬೇಕಿತ್ತು. ಜುಲೈ, ಸೆಪ್ಟೆಂಬರಲ್ಲಿ ಫೋನ್ ಎತ್ತಲ್ಲ, ಎಷ್ಟು ಸಲ ಮಾಡಿದ್ರೂ ಅಷ್ಟೇ, ನೇರ ಹೋಗೋದೇ ಒಳ್ಳೇದು. ಮೇಲ್ ಕಳಿಸಿದ್ರೆ ಉತ್ತರ ಇಂಗ್ಲಿಷಲ್ಲಿ, ಎರಡು ಸಲ ಓದಿದ್ರೂ ತಲೆಗೆ ಹತ್ತಲ್ಲ, ಅದೇ ಎದುರಿಗೆ ಕೂತ್ರೆ ಎಂಥೋರಿಗೂ ಅರ್ಥ ಆಗೋ ಥರ ಕನ್ನಡದಲ್ಲಿ ಹೇಳ್ತಾರೆ. ಲಿಫ್ಟ್ ಇಲ್ಲ, ಮೆಟ್ಟಿಲು ಕಡಿದು, ಅಪ್ಪ ಎರಡು ಕಡೆ ನಿಂತು ಸುಧಾರಿಸ್ಕೊಂಡು ಹತ್ತಿದ್ರು.

2025ರ ಜುಲೈನಲ್ಲಿ ಕೊನೇ ಕಂತು ಕೊಡೋಕೆ ಹೋದಾಗ ಆ ಮೆಟ್ಟಿಲ ತುಂಬಾ ಜನ. ಬೇಕರಿಯೋರು, ಕಾಂಡಿಮೆಂಟ್ಸ್ ಅಂಗಡಿಯೋರು, ಹಾಲಿನ ಬೂತಿನೋರು, 2021-22ರಿಂದ ನಾಲ್ಕು ವರ್ಷದ ಯುಪಿಐ ಲೆಕ್ಕ ಹಿಡಿದು ಜಿಎಸ್‌ಟಿ ನೋಟಿಸ್ ಬಂದಿದ್ದ ಸಮಯ ಅದು. ಆಮೇಲೆ ಮುಖ್ಯಮಂತ್ರಿ ಸಿದ್ದರಾಮಯ್ಯ ವ್ಯಾಪಾರಿಗಳನ್ನ ಕರೆಸಿ ಮಾತಾಡಿ ಹಳೇ ಬಾಕಿ ವಸೂಲಿ ಮಾಡಲ್ಲ ಅಂದ್ರು, ಆದ್ರೆ ಅವತ್ತು ಆ ಜನರ ಮುಖದಲ್ಲಿ ಎರಡು ವರ್ಷದ ಹಿಂದಿನ ನಮ್ಮಪ್ಪನ ಮುಖವೇ ಕಾಣ್ತಿತ್ತು ನನಗೆ. ಮೇಡಂ ಬಾಗಿಲಲ್ಲೇ ನಿಂತು ಒಬ್ಬೊಬ್ಬರ ನೋಟಿಸೂ ತಗೊಂಡು, ಮೊದಲು ಯಾವ ವರ್ಷ, ಯಾವ ತಾರೀಖು ಅಂತ ಪೆನ್ಸಿಲಲ್ಲಿ ಗುರುತು ಹಾಕ್ತಿದ್ರು, ಫೀಸ್ ವಿಷಯ ಯಾರ ಹತ್ರಾನೂ ಎತ್ತಲಿಲ್ಲ.

ಈಗಿನ ಗಡುವು ಗೊತ್ತಿಲ್ದೋರಿಗೆ: 2024ರ ಸೆಪ್ಟೆಂಬರ್ 1ರಿಂದ ಮತ್ತೆ ಬದಲಾಗಿದೆ, ಅಸೆಸ್‌ಮೆಂಟ್ ಇಯರ್ ಮುಗಿದಮೇಲೆ ಸಾಮಾನ್ಯವಾಗಿ 3 ವರ್ಷ 3 ತಿಂಗಳು, 50 ಲಕ್ಷ ಅಥವಾ ಮೇಲಾದ್ರೆ 5 ವರ್ಷ 3 ತಿಂಗಳು. 2026ರ ಏಪ್ರಿಲ್ 1ರಿಂದ ಹೊಸ ಆದಾಯ ತೆರಿಗೆ ಕಾಯ್ದೆ, ಅದರಲ್ಲಿ ಅಸೆಸ್‌ಮೆಂಟ್ ಇಯರ್ ಅನ್ನೋ ಪದವೇ ಹೋಗಿ ಟ್ಯಾಕ್ಸ್ ಇಯರ್ ಬಂದಿದೆ, ಆದ್ರೆ ಹಳೇ ವರ್ಷದ್ದು ಹಳೇ ಕಾಯ್ದೆ ಪ್ರಕಾರವೇ, ಹಾಗಾಗಿ ಎಣಿಸೋವಾಗ ಹುಷಾರು. ಅಪ್ಪ ಅಮ್ಮನ ಪ್ಯಾನ್ ಲಾಗಿನ್ ಒಳಗೆ ಯಾರ ಇಮೇಲು, ಯಾರ ಮೊಬೈಲ್ ನಂಬರ್ ಇದೆ ಅಂತ ಇವತ್ತೇ ತೆಗೆದು ನೋಡಿ. ಈ ಆಫೀಸಿನ ವಿಳಾಸ ಬೇಕಾದೋರು ನನಗೆ ಮೆಸೇಜ್ ಮಾಡಿ, ಕಳಿಸ್ತೀನಿ, ಬೆಳಿಗ್ಗೆ ಹತ್ತೂವರೆಗೆ ಮುಂಚೆ ಹೋದ್ರೆ ಮೇಡಂ ಸಿಗ್ತಾರೆ. ನೋಟಿಸ್ ಜೊತೆ ಕವರ್ ಮರೀಬೇಡಿ.